ಷೇರು ಕೊಂಡವರು ಧೂಳಿನ ಬಗ್ಗೆ ಮಾತಾಡಬಾರದಾ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರ ಪತ್ರ ಓದಿದೆ. ಗಣಿ, ಕಲ್ಲಿದ್ದಲು, ಹೊಗೆ ಅಂತ ಕೂಗುವವರೇ ಮೊಬೈಲ್‌ನಲ್ಲಿ ಅವೇ ಕಂಪನಿಗಳ ಷೇರು ಇಟ್ಟುಕೊಂಡಿರುತ್ತಾರೆ, ಇಂಥವರಿಗೆ ಪರಿಸರದ ಮಾತಾಡುವ ಹಕ್ಕಿಲ್ಲ ಅಂತ ಅವರು ಬರೆದಿದ್ದರು. ಓದಿ ನನಗೆ ಸಿಟ್ಟು ಬರಲಿಲ್ಲ. ನನ್ನನ್ನೇ ನೋಡಿ ಬರೆದ ಹಾಗಿತ್ತು. ಎರಡು ದಿನ ಅದೇ ತಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೂ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತೇನೆ. ಷೇರು ಅಂದರೇನು, ಡಿಬೆಂಚರ್ ಅಂದರೇನು ಅಂತ ವರ್ಷವೂ ಬೋರ್ಡಿನ ಮೇಲೆ ಬರೆಯುವವಳು. ತವರು ಮನೆ ಕಾಗಿಣಾ ನದಿ ಕಡೆಯ ಒಂದು ಹಳ್ಳಿ. ಅಪ್ಪನದು ಆರು ಎಕರೆ ಎರೆ ಹೊಲ, ತೊಗರಿಯೇ ಮುಖ್ಯ. ಬದುವಿನ ಮೇಲೆ ನಿಂತರೆ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುತ್ತದೆ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಸೇಡಂ, ಮಳಖೇಡ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ನೆಲ ಅಗೆದರೆ ಸುಣ್ಣದ ಕಲ್ಲು, ಕಲ್ಲು ಇದ್ದಲ್ಲಿ ಕಾರ್ಖಾನೆ, ಕಾರ್ಖಾನೆ ಇದ್ದಲ್ಲಿ ಲಾರಿಗಳ ಸಾಲು.

2020ರ ಲಾಕ್‌ಡೌನ್‌ನಲ್ಲಿ ಎಲ್ಲರ ಹಾಗೆ ನಾನೂ ಷೇರು ಇಡುವ ಡಿಮ್ಯಾಟ್ ಖಾತೆ ತೆರೆದೆ. ಗೊತ್ತಿರುವ ಕಂಪನಿಯ ಷೇರು ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರಲ್ಲ, ನನಗೆ ಕಣ್ಣೆದುರಿಗೆ ಗೊತ್ತಿದ್ದದ್ದು ಅಪ್ಪನ ಹೊಲದಿಂದ ಕಾಣುವ ಚಿಮಣಿ. ಲಾರಿ ನಿಲ್ಲದೆ ಓಡುತ್ತಿವೆ ಅಂದಮೇಲೆ ಮಾಲು ಖರ್ಚಾಗುತ್ತಿದೆ ಅಂತ ಲೆಕ್ಕ ಹಾಕಿ ಆ ಕಂಪನಿಯ 40 ಷೇರು ಕೊಂಡೆ. ಬೆಲೆ ಏರಿತು, ಖುಷಿಯಾಯಿತು. ಅದೇ ಹೊತ್ತಿಗೆ ಕಾಲೇಜಿನ ಇಕೋ ಕ್ಲಬ್ಬಿನಲ್ಲಿ ಮಕ್ಕಳಿಂದ ಬೇವಿನ ಸಸಿ ನೆಡಿಸುತ್ತಿದ್ದೆ. ಎರಡೂ ಒಟ್ಟಿಗೇ ನಡೆಯುತ್ತಿದ್ದವು, ಒಂದಕ್ಕೊಂದು ಸಂಬಂಧ ಇದೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಎರಡು ವರ್ಷದ ಹಿಂದೆ ದೀಪಾವಳಿಗೆ ತವರಿಗೆ ಹೋಗಿದ್ದೆ. ತೊಗರಿ ಹೂವಿಗೆ ಬಂದಿತ್ತು. ಬೆಳಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋದೆ. ಲಾರಿ ರಸ್ತೆಯ ಪಕ್ಕದ ನಾಲ್ಕು ಸಾಲು ಹಸಿರಾಗಿರಲಿಲ್ಲ, ಬೂದಿ ಬಣ್ಣ. ಅಪ್ಪ ಒಂದು ಟೊಂಗೆ ಬಗ್ಗಿಸಿ, ಹೆಗಲ ಮೇಲಿನ ಟವೆಲ್ ಅಂಚನ್ನು ಬಾಟಲಿ ನೀರಿನಲ್ಲಿ ಅದ್ದಿ, ಒಂದೇ ಒಂದು ಎಲೆ ಒರೆಸಿ ತೋರಿಸಿದರು. ಒರೆಸಿದ ಕಡೆ ಹಸಿರು, ಉಳಿದ ಕಡೆ ಸುಣ್ಣ ಬಳಿದ ಹಾಗೆ. ಇಬ್ಬನಿ ಬಿದ್ದು, ಬಿಸಿಲಿಗೆ ಒಣಗಿ, ಮತ್ತೆ ಇಬ್ಬನಿ ಬಿದ್ದು, ಧೂಳು ಎಲೆಗೆ ಅಂಟಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆಯ ಹಾಗೆ ಏಳುತ್ತಿತ್ತು. ಹಳದಿ ಹೂವಿನ ಒಳಗೂ ಧೂಳು. "ನೋಡವ್ವಾ, ಹೂ ನಿಂದ್ರವಲ್ದು. ನೀ ಓದಿದಾಕಿ, ಪರಿಸರ ಆಫೀಸಿನವರಿಗಿ ಒಂದು ಅರ್ಜಿ ಬರದು ಕೊಡು" ಅಂದರು.

ಆಯ್ತಪ್ಪಾ ಅಂದೆ. ಆದರೆ ನನ್ನ ತಲೆಗೆ ಮೊದಲು ಬಂದದ್ದು ತೊಗರಿ ಅಲ್ಲ. ಮಾಲಿನ್ಯ ಮಂಡಳಿ ನೋಟಿಸ್ ಕೊಟ್ಟು, ಅದು ಪೇಪರಿನಲ್ಲಿ ಬಂದರೆ ಷೇರು ಬೀಳುತ್ತದಾ ಅನ್ನೋ ಪ್ರಶ್ನೆ. ಅಪ್ಪನ ಹೊಲದಲ್ಲಿ, ಅಪ್ಪನ ಎದುರಿಗೇ ನಿಂತು ನಾನು ಯೋಚಿಸಿದ್ದು ಇದನ್ನ. ಕಲಬುರಗಿಗೆ ಬಂದಮೇಲೆ ಆ ಅರ್ಜಿ ಬರೆಯಲು 12 ದಿನ ತಗೊಂಡೆ. ಪರೀಕ್ಷೆ ಇದೆ, ಮೌಲ್ಯಮಾಪನ ಇದೆ ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರಲ್ಲ, ಡಿವಿಡೆಂಡ್ (ಕಂಪನಿ ಹಂಚುವ ಲಾಭದ ಪಾಲು) ಉಂಡವಳ ಕೈಗೂ ಪೆನ್ನು ಬರಲಿಲ್ಲ.

ನಿಮ್ಮ ಓದುಗರು ಎತ್ತಿದ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಆ 12 ದಿನದಲ್ಲಿ. ಷೇರು ಇಟ್ಟುಕೊಂಡರೆ ಕೈ ಕೊಳೆಯಾಗುತ್ತದೆ ಅನ್ನೋದಕ್ಕಿಂತ, ಅದು ನಮ್ಮ ಬಾಯಿ ಕಟ್ಟುತ್ತದಾ ಇಲ್ಲವಾ ಅನ್ನೋದು ದೊಡ್ಡ ಪ್ರಶ್ನೆ. ಯಾವ ಷೇರು ಬಾಯಿ ಕಟ್ಟುತ್ತದೋ ಅದನ್ನು ಪರಿಸರ ಪ್ರೀತಿಸುವವರು ಇಟ್ಟುಕೊಳ್ಳಬಾರದು. ಉಳಿದ ಷೇರಿಗೆ ಬಾಯಿ ಕಟ್ಟುವ ಶಕ್ತಿ ಇಲ್ಲ, ಆದರೆ ಅದನ್ನು ಇಟ್ಟುಕೊಂಡವರಿಗೆ ಬಾಯಿ ತೆರೆಯುವ ಜವಾಬ್ದಾರಿ ಇದೆ.

ಕೈ ಕೊಳೆಯ ವಾದಕ್ಕೆ ಬರೋಣ. ಷೇರು ಬೇಡ ಅಂದವರ ದುಡ್ಡು ಎಲ್ಲಿದೆ? ನನ್ನ ಸಂಬಳದಿಂದ ತಿಂಗಳೂ ಪಿಎಫ್ ಕಟ್ಟಾಗುತ್ತದೆ. 2015ರ ಆಗಸ್ಟ್‌ನಿಂದ ಪಿಎಫ್ ಸಂಸ್ಥೆ ಹೊಸದಾಗಿ ಬರುವ ಹಣದಲ್ಲಿ ಒಂದು ಪಾಲನ್ನು ಇಟಿಎಫ್ (ಒಂದು ಪಟ್ಟಿಯ ಕಂಪನಿಗಳ ಷೇರನ್ನೆಲ್ಲ ಒಟ್ಟಿಗೆ ಕೊಳ್ಳುವ ಫಂಡ್) ಮೂಲಕ ಷೇರಿಗೆ ಹಾಕುತ್ತಿದೆ. ಮೊದಲು ಶೇ 5 ಇತ್ತು, 2017ರಲ್ಲಿ ಶೇ 15ಕ್ಕೆ ಏರಿತು. ಅದು ಹೋಗುವ ನಿಫ್ಟಿ ಅನ್ನೋ ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಕಲ್ಲಿದ್ದಲಿನ ಕೋಲ್ ಇಂಡಿಯಾ ಇದೆ, ತೈಲದ ಒಎನ್‌ಜಿಸಿ ಇದೆ, ಉಷ್ಣ ವಿದ್ಯುತ್ತಿನ ಎನ್‌ಟಿಪಿಸಿ ಇದೆ. 2006ರ ಏಪ್ರಿಲ್ ನಂತರ ಸೇರಿದ ಬಹುಪಾಲು ರಾಜ್ಯ ಸರ್ಕಾರಿ ನೌಕರರು ಎನ್‌ಪಿಎಸ್ ಅನ್ನೋ ಪಿಂಚಣಿ ಯೋಜನೆಯಲ್ಲಿದ್ದಾರೆ, ಅದರಲ್ಲೂ ಷೇರಿನ ಪಾಲಿದೆ. ಎಲ್‌ಐಸಿ ಪಾಲಿಸಿ ಇಲ್ಲದ ಮನೆ ನಮ್ಮಲ್ಲಿ ಕಡಿಮೆ, ಎಲ್‌ಐಸಿ ಅಂದರೆ ದೇಶದ ಅತಿ ದೊಡ್ಡ ಷೇರುದಾರರಲ್ಲಿ ಒಬ್ಬರು. ಎಫ್‌ಡಿ ಇಟ್ಟರೆ ಬ್ಯಾಂಕು ಆ ದುಡ್ಡನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ, ಕಾರ್ಖಾನೆಗೂ ಸಾಲ ಕೊಡುತ್ತದೆ. ಚಿನ್ನ ಕೊಳ್ಳೋಣ ಅಂದರೆ ನಮ್ಮ ಭಾಗದ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಗೆ ಹೋಗಿ ನೋಡಿ, ಒಂದು ಟನ್ ಕಲ್ಲು ಅರೆದು ತೆಗೆಯುವುದು ಕೆಲವೇ ಗ್ರಾಂ. ಇನ್ನು ನಮ್ಮ ಕಲಬುರಗಿಯವರ ಅಚ್ಚುಮೆಚ್ಚಿನ ಎನ್ಎ (ಕೃಷಿಯೇತರ) ಪ್ಲಾಟ್! ತೊಗರಿ, ಜೋಳ ಬೆಳೆಯುತ್ತಿದ್ದ ಎರೆ ಭೂಮಿಯ ಮೇಲೆ ಮುರುಮು ಸುರಿದು ಕಲ್ಲು ನೆಟ್ಟರೆ ಪ್ಲಾಟ್ ಆಗುತ್ತದೆ. ಅದನ್ನು ಕೊಂಡವರನ್ನು ಯಾರೂ ಪರಿಸರದ ಹೆಸರಲ್ಲಿ ಪ್ರಶ್ನೆ ಮಾಡುವುದಿಲ್ಲ, ಷೇರು ಕೊಂಡವರನ್ನು ಮಾತ್ರ ಕೇಳುತ್ತಾರೆ. ಮಧ್ಯಮ ವರ್ಗದ ದುಡ್ಡಿಗೆ ಹೊಗೆ ತಾಕದ ಜಾಗ ನನಗಂತೂ ಇದುವರೆಗೆ ಕಂಡಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಸ್ಪಷ್ಟ ಇಲ್ಲ. ಪೇಟೆಯಲ್ಲಿ ಷೇರು ಕೊಂಡರೆ ಆ ದುಡ್ಡು ಕಂಪನಿಗೆ ಹೋಗುವುದಿಲ್ಲ. ಮಕ್ಕಳಿಗೆ ನಾನು ನಮ್ಮ ಗಂಜ್‌ನ (ಕೃಷಿ ಮಾರುಕಟ್ಟೆಯ) ಉದಾಹರಣೆ ಕೊಡುತ್ತೇನೆ. ರೈತ ತೊಗರಿ ತಂದು ಮಾರಿದಾಗ ದುಡ್ಡು ರೈತನಿಗೆ. ಆಮೇಲೆ ಅದೇ ಚೀಲ ಒಬ್ಬ ವ್ಯಾಪಾರಿಯಿಂದ ಇನ್ನೊಬ್ಬನಿಗೆ, ಅವನಿಂದ ದಾಲ್ ಮಿಲ್ಲಿಗೆ ಹತ್ತು ಸಲ ಕೈ ಬದಲಾದರೂ ರೈತನಿಗೆ ಮತ್ತೆ ಒಂದು ರೂಪಾಯಿ ಬರುವುದಿಲ್ಲ. ಐಪಿಒ (ಜನರಿಗೆ ಮೊದಲ ಸಲ ಷೇರು ಮಾರುವುದು), ರೈಟ್ಸ್ ಇಶ್ಯೂ (ಇರುವ ಷೇರುದಾರರಿಗೆ ಹೊಸ ಷೇರು ಮಾರುವುದು) ಅಂದರೆ ಹೊಸ ಮಾಲು, ಅಲ್ಲಿ ಕಂಪನಿ ಹೊಸ ಷೇರು ಕೊಟ್ಟರೆ ದುಡ್ಡು ಕಂಪನಿಗೇ. ದಿನಾ ನಡೆಯುವ ಕೊಡು-ಕೊಳ್ಳು ಹಳೇ ಚೀಲದ ವ್ಯಾಪಾರ. ಆಮೇಲೆ ನಾನು 39 ಷೇರು ಮಾರಿದ್ದಕ್ಕೆ ಆ ಚಿಮಣಿಯ ಹೊಗೆ ಒಂದು ಗೇಣೂ ಕಡಿಮೆ ಆಗಲಿಲ್ಲ, ಇನ್ಯಾರೋ ಕೊಂಡರು, ಅಷ್ಟೇ. ಹಾಗಂತ ಬೆಲೆಗೂ ಕಂಪನಿಗೂ ಏನೂ ಸಂಬಂಧವಿಲ್ಲ ಅಂತ ಅಲ್ಲ. ಷೇರಿನ ಬೆಲೆ ಚೆನ್ನಾಗಿದ್ದರೆ ನಾಳೆ ಹೊಸ ಬಂಡವಾಳ ಎತ್ತುವುದು ಸುಲಭ. ಅದಕ್ಕೇ ಹೊಸ ಕಲ್ಲಿದ್ದಲು ಗಣಿಗೆ, ಹೊಸ ಉಷ್ಣ ಸ್ಥಾವರಕ್ಕೆ ದುಡ್ಡು ಎತ್ತುವ ಐಪಿಒಗೆ ನಾನು ಅರ್ಜಿ ಹಾಕುವುದಿಲ್ಲ. ಅಲ್ಲಿ ಗೆರೆ ನನಗೆ ಸ್ಪಷ್ಟ.

ಷೇರು ಮಾರುವುದರಿಂದ ಏನೂ ಆಗುವುದಿಲ್ಲವಾ? ಒಡಿಶಾದ ನಿಯಮಗಿರಿ ನೋಡಿ. ಡೋಂಗ್ರಿಯಾ ಕೊಂಧ ಆದಿವಾಸಿಗಳ ಬೆಟ್ಟದಲ್ಲಿ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ತೆಗೆಯುವ ಯೋಜನೆ ಬಂದಿತ್ತು. ಆ ಯೋಜನೆಯ ಹಿಂದಿದ್ದ ವೇದಾಂತ ಕಂಪನಿಯನ್ನು ನಾರ್ವೆಯ ಪಿಂಚಣಿ ನಿಧಿ 2007ರಲ್ಲೇ ತನ್ನ ಹೂಡಿಕೆ ಪಟ್ಟಿಯಿಂದ ಕೈಬಿಟ್ಟಿತು. 2010ರಲ್ಲಿ ಇಂಗ್ಲೆಂಡಿನ ಚರ್ಚ್ ತನ್ನ ಷೇರು ಮಾರಿತು. ದೊಡ್ಡವರು ಮಾರಿದರೆ ಸುದ್ದಿಯಾಗುತ್ತದೆ, ಕಂಪನಿಯ ಹೆಸರಿಗೆ ಪೆಟ್ಟು ಬೀಳುತ್ತದೆ, ಅದು ನಿಜ. ಆದರೆ ಗಣಿಯನ್ನು ಕೊನೆಗೆ ತಡೆದದ್ದು 12 ಗ್ರಾಮಸಭೆಗಳು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನು ಕೇಳಿ ಅಂದಿತು, ಅದೇ ವರ್ಷ ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು. ಬೆಟ್ಟದಲ್ಲಿ ಇರುವವರು ತಮ್ಮ ನೆಲದ ಮೇಲೆ ಕೂತು ಮಾತಾಡಿದ್ದು. ಇದನ್ನು ನೆನೆದಾಗೆಲ್ಲ ನನಗೆ ಆ 12 ದಿನ ಜಾಸ್ತಿ ಚುಚ್ಚುತ್ತದೆ. ಷೇರು ಮಾರುವುದಕ್ಕಿಂತ ದೊಡ್ಡ ಕೆಲಸ ಸಭೆಯಲ್ಲಿ ಎದ್ದು ನಿಂತು ಹೇಳುವುದು. ಅಲ್ಲಿ ನಿಂತಾಗ ನಾಲಿಗೆ ತಡವರಿಸುವಂತೆ ಮಾಡುವ ಷೇರು ನನಗೆ ಬೇಡ.

ಅದಕ್ಕೇ 40ರಲ್ಲಿ 39 ಮಾರಿದೆ. ಒಂದು ಉಳಿಸಿಕೊಂಡೆ. ಉಳಿಸಿಕೊಳ್ಳಲು ಹೇಳಿದ್ದು ಅಪ್ಪ. ನಾನು ಎಲ್ಲ ಒಪ್ಪಿಕೊಂಡು ಹೇಳಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, "ಷೇರು ಅಂದ್ರ ಪಾಲು ಅಲ್ಲೇನು? ಆ ಕಾರ್ಖಾನ್ಯಾಗ ನಿಂದೂ ಪಾಲು ಅದ ಅಂದಂಗಾಯ್ತು. ಪಾಲು ಇದ್ದಾಕಿ ಕೇಳ್ಲಾಕ ಏನಡ್ಡಿ?" ಅಂದರು. ಪಾಲಿಗೆ ಹೊಲ ಮಾಡಿದವರ ಮಾತು ಅದು. ಪಾಲು ಅಂದರೆ ಸುಗ್ಗಿಯಲ್ಲಿ ಬಂದು ಚೀಲ ಎಣಿಸಿಕೊಂಡು ಹೋಗುವುದಲ್ಲ, ಬಿತ್ತನೆಗೂ ಕಳೆಗೂ ಮಾತು ಇರಬೇಕು. ಇಷ್ಟು ವರ್ಷ ಬೋರ್ಡಿನ ಮೇಲೆ ಷೇರಿನ ಅರ್ಥ ಬರೆದವಳಿಗೆ ಈ ಅರ್ಥ ಹೊಳೆದಿರಲಿಲ್ಲ.    

ಕೇಳುವುದು ಹೇಗೆ? ಒಂದೇ ಷೇರು ಇದ್ದರೂ ವಾರ್ಷಿಕ ಸಭೆಗೆ ಹೋಗಬಹುದು, ಮತ ಹಾಕಬಹುದು. ಮೊದಲು ಅದಕ್ಕೆ ಮುಂಬೈಗೋ ಕೋಲ್ಕತ್ತಾಗೋ ಹೋಗಬೇಕಿತ್ತು. ಕೊರೊನಾ ನಂತರ ಬಹಳ ಕಂಪನಿಗಳ ಸಭೆ ವಿಡಿಯೊದಲ್ಲೇ ನಡೆಯುತ್ತದೆ. ಮಾತಾಡಬೇಕು ಅಂದರೆ ಕೆಲವು ದಿನ ಮೊದಲೇ ಇಮೇಲ್ ಮಾಡಿ ಹೆಸರು ಬರೆಸಬೇಕು. ನಾನು ಬರೆಸಿದೆ. ಮೂರು ಗಂಟೆ ಕಾದ ಮೇಲೆ ನನ್ನ ಸರದಿ, ಎರಡು ನಿಮಿಷ. ನನಗಿಂತ ಮೊದಲು ಮಾತಾಡಿದವರೆಲ್ಲ ಬೋನಸ್ ಷೇರು ಯಾವಾಗ, ಡಿವಿಡೆಂಡ್ ಜಾಸ್ತಿ ಮಾಡಿ ಅಂತ ಕೇಳಿದರು. ನಾನು ನನ್ನ ಹರಕುಮುರುಕು ಹಿಂದಿಯಲ್ಲಿ ಆ ಲಾರಿ ರಸ್ತೆಯ ಧೂಳು, ಹೊದಿಕೆ ಇಲ್ಲದೆ ಓಡುವ ಲಾರಿ, ಅಪ್ಪನ ತೊಗರಿ ಹೇಳಿದೆ. ಎಲ್ಲ ನಿಯಮದ ಪ್ರಕಾರ ನಡೆಯುತ್ತಿದೆ, ಲಿಖಿತ ಉತ್ತರ ಕಳಿಸುತ್ತೇವೆ ಅಂತ ಕಂಪನಿಯವರು ಹೇಳಿದರು. ಒಂದು ತಿಂಗಳಿಗೆ ನಾಲ್ಕು ಸಾಲಿನ ಇಮೇಲ್ ಬಂತು. ಆಮೇಲೆ ಬೆಳಗಿನ ಹೊತ್ತು ರಸ್ತೆಗೆ ನೀರಿನ ಟ್ಯಾಂಕರ್ ಬರತೊಡಗಿತು, ಲಾರಿಗಳ ಮೇಲೆ ತಾಡಪತ್ರಿ ಬಂತು. ನನ್ನ ಪ್ರಶ್ನೆಯಿಂದ ಆಯಿತು ಅಂತ ಹೇಳಿಕೊಳ್ಳಲಾರೆ. ಆ ನಡುವೆ ಊರಿನ ಹುಡುಗರು ರಸ್ತೆಗೆ ಅಡ್ಡ ಕೂತಿದ್ದರು, ನನ್ನ ಅರ್ಜಿಯೂ ಮಂಡಳಿಯ ಟೇಬಲ್ ಮೇಲಿತ್ತು. ಬೇಸಿಗೆಯಲ್ಲಿ ಟ್ಯಾಂಕರ್ ಮತ್ತೆ ನಿಂತಿತು.

ಸಣ್ಣ ಷೇರುದಾರರ ಕೈ ಎಷ್ಟು ಉದ್ದ ಅಂತಲೂ ಗೊತ್ತಿರಬೇಕು. ಸಭೆಯಲ್ಲಿ ನಮ್ಮದೇ ಒಂದು ನಿರ್ಣಯ ಮಂಡಿಸಬೇಕು ಅಂದರೆ 2013ರ ಕಂಪನಿ ಕಾಯ್ದೆ ಪ್ರಕಾರ ಶೇ 10ರಷ್ಟು ಪಾಲು ಇರುವವರು ಒಟ್ಟು ಸೇರಬೇಕು. ನಮ್ಮಂಥವರಿಗೆ ಅದು ಆಗದ ಮಾತು. ಅಮೆರಿಕದಲ್ಲಿ 2021ರಲ್ಲಿ ಎಂಜಿನ್ ನಂಬರ್ 1 ಅನ್ನೋ ಪುಟ್ಟ ಫಂಡ್ ಕೇವಲ ಶೇ 0.02ರಷ್ಟು ಷೇರು ಇಟ್ಟುಕೊಂಡು ತೈಲ ಕಂಪನಿ ಎಕ್ಸಾನ್‌ನ ಮಂಡಳಿಗೆ ಮೂರು ಜನ ನಿರ್ದೇಶಕರನ್ನು ಗೆಲ್ಲಿಸಿತು. ಆದರೆ ಅದು ಗೆದ್ದದ್ದು ದೊಡ್ಡ ದೊಡ್ಡ ಫಂಡ್‌ಗಳು ಜೊತೆ ನಿಂತಿದ್ದಕ್ಕೆ. ನಮ್ಮಲ್ಲೂ ನಿಜವಾದ ಕೈ ಇರುವುದು ಮ್ಯೂಚುವಲ್ ಫಂಡ್, ಎಲ್‌ಐಸಿ, ಪಿಎಫ್ ಹತ್ತಿರ. 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡ್‌ಗಳು ಎಲ್ಲ ನಿರ್ಣಯಗಳಿಗೂ ಕಡ್ಡಾಯವಾಗಿ ಮತ ಹಾಕಬೇಕು, ಹೇಗೆ ಹಾಕಿದೆವು ಅಂತ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು. ನಾನು ತಿಂಗಳೂ ದುಡ್ಡು ಹಾಕುವ ಫಂಡ್‌ನ ಪಟ್ಟಿ ತೆರೆದು ನೋಡಿದೆ, ಪುಟಗಟ್ಟಲೆ 'ಪರ', 'ಪರ', 'ಪರ'. ಯಾಕೆ ಅಂತ ಕೇಳಿ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಒಬ್ಬಳು ಕೇಳಿದರೆ ಕಸದ ಬುಟ್ಟಿ, ಸಾವಿರ ಜನ ಕೇಳಿದರೆ ಅವರಿಗೂ ಯೋಚನೆ ಮಾಡಬೇಕಾಗುತ್ತದೆ, ಅಲ್ವಾ?

ಇಎಸ್‌ಜಿ ಫಂಡ್ (ಪರಿಸರ, ಸಮಾಜ, ಆಡಳಿತ ನೋಡಿ ಕಂಪನಿ ಆರಿಸುವ ಫಂಡ್) ತಗೊಂಡರೆ ಸಮಸ್ಯೆ ಮುಗಿಯಿತು ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ನೋಡಿದ ಫಂಡ್‌ನಲ್ಲಿ ಮೇಲಿನ ಸಾಲುಗಳೆಲ್ಲ ಬ್ಯಾಂಕು, ಐಟಿ ಕಂಪನಿ. ಐಟಿ ಕಂಪನಿಗೆ ಚಿಮಣಿ ಇಲ್ಲ, ಒಪ್ಪಿದೆ. ಆದರೆ ಚಿಮಣಿ ಇರುವ ಕಂಪನಿಯ ಒಳಗೆ ಬದಲಾವಣೆ ತರುವವರು ಯಾರು?

ನಮಗೆ ಸಿಮೆಂಟ್ ಬೇಡ ಅಂತಲೂ ನಾನು ಹೇಳಲಾರೆ. ನಾನು ಪಾಠ ಮಾಡುವ ಕೋಣೆ, ಮಲಗುವ ಮನೆ, ಸನ್ನತಿಯ ಬ್ಯಾರೇಜು, ಎಲ್ಲ ಅದರದ್ದೇ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಮನೆ ಕಳೆದುಕೊಂಡವರಿಗೆ ಮತ್ತೆ ಕಟ್ಟಿಕೊಳ್ಳಲೂ ಸಿಮೆಂಟೇ ಬೇಕಾಯಿತು. ಆದರೆ ಅದರ ಹೊಗೆಯ ಲೆಕ್ಕ ಬೇರೆ ಥರ. ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ ಉಳಿಯುವ ಸುಣ್ಣ 56 ಕೆಜಿ, ಗಾಳಿಗೆ ಹೋಗುವುದು 44 ಕೆಜಿ. ಕಲ್ಲಿದ್ದಲಿನ ಹೊಗೆ ಅದರ ಮೇಲೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 7ರಿಂದ 8 ಸಿಮೆಂಟಿನದ್ದು. ಹಾರುಬೂದಿ (ಕಲ್ಲಿದ್ದಲು ಸುಟ್ಟು ಉಳಿದ ಬೂದಿ) ಬೆರೆಸಿ ಸುಟ್ಟ ಕಲ್ಲು ಕಡಿಮೆ ಬಳಸಬಹುದು, ಹೊರಗೆ ಹೋಗುವ ಬಿಸಿಯಿಂದ ಕರೆಂಟ್ ಮಾಡಬಹುದು. ಇದಕ್ಕೆಲ್ಲ ದುಡ್ಡು ಹಾಕಬೇಕು, ಲಾಭ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನುವ ಪಾಲುದಾರರೂ ಬೇಕು. ಡಿವಿಡೆಂಡ್ ಜಾಸ್ತಿ ಮಾಡಿ ಅನ್ನುವವರೇ ಸಭೆ ತುಂಬಿದ್ದರೆ ಇದು ಆಗುವುದಿಲ್ಲ. ಎಲ್ಲ ಪರಿಸರ ಪ್ರೇಮಿಗಳೂ ಷೇರು ಮಾರಿ ಎದ್ದು ಬಂದರೆ ಅಲ್ಲಿ ಉಳಿಯುವವರು ಅವರೇ.

ಕೊನೆಗೆ ನಿಮ್ಮ ಪತ್ರಿಕೆಯನ್ನು ಎರಡು ವಿಷಯ ಕೇಳಬೇಕು.

ದೇಶದ ದೊಡ್ಡ 1,000 ಲಿಸ್ಟೆಡ್ ಕಂಪನಿಗಳು ಹೊಗೆ, ನೀರು, ಕಸದ ಲೆಕ್ಕವನ್ನು ವರ್ಷವೂ ಬಿಆರ್‌ಎಸ್‌ಆರ್ ಅನ್ನೋ ವರದಿಯಲ್ಲಿ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಆದರೆ ಅದರಲ್ಲಿ ಬರುವುದು ಇಡೀ ಕಂಪನಿಯ ಮೊತ್ತ. ನಮ್ಮ ತಾಲೂಕಿನ ಕಾರ್ಖಾನೆ ಎಷ್ಟು ನೀರು ಎತ್ತಿತು, ಎಷ್ಟು ಧೂಳು ಬಿಟ್ಟಿತು ಅಂತ ನಮ್ಮ ಊರಿನವರಿಗೆ ಅದರಿಂದ ತಿಳಿಯುವುದಿಲ್ಲ. ಪೇಟೆ ಪುಟದಲ್ಲಿ ದಿನಾ ಷೇರಿನ ದರ ಹಾಕುತ್ತೀರಿ. ವರ್ಷಕ್ಕೊಮ್ಮೆಯಾದರೂ ನಮ್ಮ ಕಲ್ಯಾಣ ಕರ್ನಾಟಕದ ಕಾರ್ಖಾನೆಗಳ ಲೆಕ್ಕ ಕಾರ್ಖಾನೆವಾರು ಕೇಳಿ ಪಡೆದು, ಕನ್ನಡದಲ್ಲಿ ಹಾಕಿ. ಯಾದಗಿರಿಯ ಕಡೇಚೂರು, ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಸುತ್ತ ಇರುವವರಿಗೂ ಅದು ಬೇಕಾಗಿದೆ.

ಎರಡನೆಯದು, ಸಾರ್ವಜನಿಕ ಆಲಿಕೆಯ, ಅಂದರೆ ಗಣಿ, ಕಾರ್ಖಾನೆಗೆ ಅನುಮತಿ ಕೊಡುವ ಮೊದಲು ಊರಿನವರ ಮಾತು ಕೇಳುವ ಸಭೆಯ ನೋಟಿಸ್. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಆಲಿಕೆಗೆ ಕನಿಷ್ಠ 30 ದಿನ ಮೊದಲು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ನೋಟಿಸ್ ಬರಬೇಕು. ಬರುತ್ತದೆ, ಟೆಂಡರ್ ಜಾಹೀರಾತಿನ ನಡುವೆ ಒಂದು ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದ ಅಕ್ಷರದಲ್ಲಿ. ಹಳ್ಳಿಯ ಕಟ್ಟೆಯ ಮೇಲೆ ಪೇಪರ್ ಓದುವವರು ಅದನ್ನು ದಾಟಿ ಹೋಗುತ್ತಾರೆ. ಅಂಥ ನೋಟಿಸ್ ಬಂದ ದಿನ ಜಿಲ್ಲಾ ಪುಟದಲ್ಲಿ ಯಾವ ಊರು, ಯಾವ ದಿನ, ಎಷ್ಟು ಎಕರೆ ಗಣಿ ಅಂತ ನಾಲ್ಕು ಸಾಲು ಸುದ್ದಿ ಮಾಡಿ ಹಾಕಿ. ಷೇರು ಇದ್ದವರೂ ಬರಲಿ, ಇಲ್ಲದವರೂ ಬರಲಿ.

ನನ್ನ ಒಂದು ಷೇರು ಇನ್ನೂ ಇದೆ. ಈ ವರ್ಷದ ಸಭೆಗೆ ಪ್ರಶ್ನೆ ಬರೆಯುತ್ತಿದ್ದೇನೆ. ಸುತ್ತಲಿನ ಊರುಗಳಲ್ಲಿ ಆ ಕಂಪನಿಯ ಷೇರು ಇರುವವರು ತಮ್ಮ ಪ್ರಶ್ನೆಯನ್ನೂ ಬರೆದು ಕಳಿಸಿ, ಹೆಸರು ಮೊದಲೇ ಬರೆಸಿ, ಒಬ್ಬರಾದ ಮೇಲೆ ಒಬ್ಬರು ಕೇಳೋಣ. ನನ್ನ ಪಟ್ಟಿಯ ಮೊದಲ ಪ್ರಶ್ನೆ ಅಪ್ಪ ಹೇಳಿ ಬರೆಸಿದ್ದು: ಬೇಸಿಗೆಯಲ್ಲಿ ಟ್ಯಾಂಕರ್ ಯಾಕೆ ನಿಂತಿತು, ಆ ರಸ್ತೆಗೆ ಡಾಂಬರು ಯಾವಾಗ?

ಇಂತಿ,
ವಾಣಿಜ್ಯ ಉಪನ್ಯಾಸಕಿ, ಕಲಬುರಗಿ